ಥೀಮ್ ಪಾರ್ಕ್ ಸೊಳ್ಳೆ: ಹೊಗೆ ಹಾಕಿಸೋದಾ, ನೀರು ನೋಡಿಕೊಳ್ಳೋದಾ?

ಸೆಕೆಯ ಊರಿನಲ್ಲಿ ಥೀಮ್ ಪಾರ್ಕ್ ನಡೆಸುವವರು ಸೊಳ್ಳೆಗೆ ಮೊದಲು ಯೋಚಿಸುವುದು ಫಾಗಿಂಗ್, ಅಂದರೆ ಔಷಧದ ಹೊಗೆ ಹಾಕಿಸುವುದು. ಬೇಗ ಕೆಲಸ ಮಾಡುತ್ತದೆ, ನಿಜ. ಆದರೆ ಸಾಯುವುದು ಹಾರಾಡುವ ಸೊಳ್ಳೆ ಮಾತ್ರ. ನೀರಿನಲ್ಲಿರುವ ಮರಿಗಳು ಹಾಗೇ ಉಳಿಯುತ್ತವೆ. ಸೆಕೆಯಲ್ಲಿ ಮೊಟ್ಟೆ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಡೆಂಗಿ ಹರಡುವ ಈಡಿಸ್ ಕಚ್ಚುವುದು ಹಗಲಿನಲ್ಲೇ ಜಾಸ್ತಿ. ಜನ ತುಂಬಿರುವಾಗ ಹೊಗೆ ಹಾಕಲು ಆಗುವುದಿಲ್ಲ, ಅಲ್ವಾ? ಜೇನುಹುಳಗಳಿಗೂ ಅದು ಅಪಾಯ.

ನೀರು ನಿಲ್ಲದಂತೆ ನೋಡಿಕೊಳ್ಳುವ ದಾರಿ ನಿಧಾನ, ದಿನವೂ ಬೆನ್ನು ಹತ್ತಬೇಕು. ಕೊಳದ ನೀರು ಓಡಾಡುತ್ತಿರಬೇಕು. ಹೂಕುಂಡದ ತಟ್ಟೆ, ನಿಂತುಹೋದ ರೈಡ್‌ನ ದೋಣಿ, ಚರಂಡಿಯ ಮೂಲೆ, ಎಲ್ಲೂ ನೀರು ನಿಲ್ಲಬಾರದು. ಖಾಲಿ ಮಾಡಲಾಗದ ಕಡೆ ಬಿಟಿಐ ಎಂಬ ಬ್ಯಾಕ್ಟೀರಿಯಾ ಹಾಕಬಹುದು. ಅದು ಸೊಳ್ಳೆಮರಿಗಳನ್ನು ಕೊಲ್ಲುತ್ತದೆ, ಮೀನುಗಳಿಗೆ ತೊಂದರೆಯಿಲ್ಲ. ಫ್ಲೋರಿಡಾದ ಜೌಗು ನೆಲದಲ್ಲಿ 1971ರಲ್ಲಿ ಬಾಗಿಲು ತೆರೆದ ವಾಲ್ಟ್ ಡಿಸ್ನಿ ವರ್ಲ್ಡ್ ಥೀಮ್ ಪಾರ್ಕ್‌ಗೆ ಮೊದಲು ತೋಡಿದ್ದೇ ನೀರು ಹರಿದುಹೋಗುವ ಕಾಲುವೆಗಳನ್ನು.

ನನ್ನ ಮಟ್ಟಿಗೆ ದುಡ್ಡು ಹಾಕಬೇಕಾದದ್ದು ನೀರಿನ ಮೇಲೇ. ರೋಗ ಹರಡುತ್ತಿದ್ದರೆ ಫಾಗಿಂಗ್ ಕೂಡ ಮಾಡಿಸಿ, ಆದರೆ ಗೇಟು ತೆರೆಯುವ ಮೊದಲೇ. ನೊಣ, ಜಿರಳೆಗೆ ಮಾತ್ರ ಇವೆರಡೂ ಮದ್ದಲ್ಲ. ಅಲ್ಲಿ ಊಟದ ಜಾಗದ ಕಸವನ್ನು ಆಗಾಗ ತೆಗೆಸಬೇಕು.