ಶಸ್ತ್ರಚಿಕಿತ್ಸೆಯಾದ ರೋಗಿಯನ್ನು ಕೇಳುವ ಮೂರು ಬಗೆ: ನಮೂನೆ, ಎಸ್‌ಎಂಎಸ್, ಫೋನ್ ಕರೆ

ಕೊಡಗಿನ ಆಸ್ಪತ್ರೆಯೊಂದರ ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಗುಣಮಟ್ಟದ ಉಸ್ತುವಾರಿ ನೋಡಿಕೊಳ್ಳುವ ಶುಶ್ರೂಷಕಿಯಾಗಿ ನಾನು ರೋಗಿಗಳ ಅಭಿಪ್ರಾಯವನ್ನು ಮೂರು ಬಗೆಯಲ್ಲಿ ಸಂಗ್ರಹಿಸಿ ನೋಡಿದ್ದೇನೆ: ಡಿಸ್ಚಾರ್ಜ್ ದಿನ ಕೊಡುವ ಮುದ್ರಿತ ನಮೂನೆ, ಮೊಬೈಲಿಗೆ ಹೋಗುವ ಎಸ್‌ಎಂಎಸ್, ಮನೆಗೆ ಮರಳಿ ವಾರ ಕಳೆದ ಮೇಲೆ ಮಾಡುವ ಫೋನ್ ಕರೆ. ಚಿಕಿತ್ಸೆಯ ಕ್ರಮವನ್ನೇ ತಿದ್ದಿಕೊಳ್ಳುವಂತಹ ಮಾಹಿತಿ ಸಿಕ್ಕಿದ್ದು ಹೆಚ್ಚಾಗಿ ಮೂರನೆಯದರಿಂದ.

ನಮೂನೆಯ ತೊಂದರೆ ಅದನ್ನು ಕೊಡುವ ಹೊತ್ತಿನಲ್ಲಿದೆ. ಬಿಲ್ಲು ಕಟ್ಟಿ, ಔಷಧಿ ತಂದು, ಹೊರಗೆ ಕಾಯುತ್ತಿರುವ ಜೀಪಿನತ್ತ ಕಣ್ಣಿಟ್ಟಿರುವ ಸಂಬಂಧಿಕರೇ ಅದನ್ನು ತುಂಬುತ್ತಾರೆ. ‘ಉತ್ತಮ’ ಎಂಬ ಚೌಕಗಳಿಗೆಲ್ಲ ಸಾಲಾಗಿ ಗುರುತು ಬೀಳುತ್ತದೆ. ಅಲ್ಲದೆ ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕು ತಗುಲಿದೆಯೇ ಎಂದು ಸಾಮಾನ್ಯವಾಗಿ 30 ದಿನಗಳವರೆಗೆ, ಕೃತಕ ಕೀಲಿನಂತಹ ವಸ್ತುವನ್ನು ದೇಹದೊಳಗೆ ಅಳವಡಿಸಿದ್ದರೆ 90 ದಿನಗಳವರೆಗೆ ಗಮನಿಸಬೇಕಾಗಿರುವಾಗ, ಮೂರನೆಯ ದಿನ ತುಂಬಿದ ಹಾಳೆ ಗಾಯದ ಬಗ್ಗೆ ಹೇಳಬಲ್ಲದ್ದು ಬಹಳ ಕಡಿಮೆ. ಶೌಚಾಲಯ, ಊಟ, ಹಾಸಿಗೆಯ ಸ್ವಚ್ಛತೆ ಇವುಗಳ ಮಟ್ಟಿಗೆ ನಮೂನೆ ಸಾಕು.

ಎಸ್‌ಎಂಎಸ್ ಅಗ್ಗದ್ದು. ಕೇಂದ್ರ ಸರ್ಕಾರ 2016ರಲ್ಲಿ ಆರಂಭಿಸಿದ ‘ಮೇರಾ ಅಸ್ಪತಾಲ್’ ವ್ಯವಸ್ಥೆಯೂ ಎಸ್‌ಎಂಎಸ್, ಧ್ವನಿ ಕರೆ, ಮೊಬೈಲ್ ಆ್ಯಪ್‌ಗಳ ಮೂಲಕವೇ ಅಭಿಪ್ರಾಯ ಕೇಳುತ್ತದೆ; ಸಾವಿರಾರು ಆಸ್ಪತ್ರೆಗಳನ್ನು ಒಟ್ಟಿಗೆ ಅಳೆಯಬೇಕಾದವರಿಗೆ ಅದು ಸರಿ. ನಮ್ಮಲ್ಲಿ ಮಾತ್ರ ತೋಟದ ಲೈನ್‌ಮನೆಯವರು (ಕಾರ್ಮಿಕರ ಸಾಲುಮನೆಗಳಲ್ಲಿ ಇರುವವರು) ಕೊಟ್ಟ ನಂಬರು ಅನೇಕ ವೇಳೆ ಮಗನದ್ದೋ ಮೇಸ್ತ್ರಿಯದ್ದೋ ಆಗಿರುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದರೆ ಆ ಫೋನೂ ಬಂದ್.

ಫೋನ್ ಕರೆಯ ಬಲವಿರುವುದು ಕೇಳುವ ಪ್ರಶ್ನೆಯಲ್ಲಿ. ಚಿಕಿತ್ಸೆ ಚೆನ್ನಾಗಿತ್ತೇ ಎಂದರೆ ಇಲ್ಲಿಯೂ ಹೊಗಳಿಕೆಯೇ ಬರುತ್ತದೆ. ಅದರ ಬದಲು ನಡೆದದ್ದನ್ನು ಕೇಳಬೇಕು: ಶಸ್ತ್ರಚಿಕಿತ್ಸೆಗೆ ಮೊದಲು ಎಷ್ಟು ಹೊತ್ತು ಉಪವಾಸವಿದ್ದಿರಿ, ರಾತ್ರಿ ನೋವೆಂದಾಗ ಯಾರು ಬಂದರು, ಗಾಯದಿಂದ ನೀರು ಒಸರುತ್ತಿದೆಯೇ. ಮಧ್ಯಾಹ್ನದ ಶಸ್ತ್ರಚಿಕಿತ್ಸೆಗಳ ಪಟ್ಟಿಯಲ್ಲಿದ್ದವರೂ ಹಿಂದಿನ ರಾತ್ರಿಯಿಂದ ತೊಟ್ಟು ನೀರು ಕುಡಿಯದೆ ಮಲಗಿದ್ದರೆಂಬುದು ಹೊರಬಿದ್ದದ್ದು ಹೀಗೆ. ಆರೋಗ್ಯವಂತ ವಯಸ್ಕರಿಗೆ ಅರಿವಳಿಕೆಗೆ ಎರಡು ಗಂಟೆ ಮೊದಲಿನವರೆಗೆ ನೀರು, ಹಾಲು ಹಾಕದ ಕಾಫಿ ಕೊಡಬಹುದೆಂದು ಅರಿವಳಿಕೆ ತಜ್ಞರ ಮಾರ್ಗಸೂಚಿಗಳು ಬಹಳ ಹಿಂದೆಯೇ ಹೇಳಿವೆ. (ಕಾಫಿಯ ನಾಡಿನಲ್ಲಿ ಈ ಸೂಚನೆ ಜನರಿಗೆ ಬೇಗ ಒಪ್ಪಿಗೆಯಾಯಿತು.) ಈಗ ಅರಿವಳಿಕೆ ವೈದ್ಯರು ಪ್ರತಿ ರೋಗಿಗೂ ಉಪವಾಸದ ಗಂಟೆಯನ್ನು ಬೇರೆ ಬೇರೆಯಾಗಿ ಬರೆದುಕೊಡುತ್ತಾರೆ. ಹರ್ನಿಯಾ ಶಸ್ತ್ರಚಿಕಿತ್ಸೆಯಾದವರಿಗೆ ‘ಭಾರ ಎತ್ತಬೇಡಿ’ ಎಂದಷ್ಟೇ ಹೇಳಿ ಕಳುಹಿಸಿದರೆ ಸಾಲದೆಂಬುದು ತಿಳಿದದ್ದೂ ಕರೆಗಳಿಂದಲೇ. ಕಾಫಿ ಕೊಯ್ಲಿನ ಕಾಲದಲ್ಲಿ ಚೀಲ ಹೊರುವ ಕೆಲಸಕ್ಕೆ ಯಾವಾಗ ಮರಳಬಹುದೆಂಬುದನ್ನು ಡಿಸ್ಚಾರ್ಜ್ ಚೀಟಿಯಲ್ಲಿ ನೇರವಾಗಿ ಬರೆಯಲಾಗುತ್ತಿದೆ.

ಇನ್ನೊಂದು ಪ್ರಶ್ನೆಯನ್ನು ನಾನು ಒತ್ತಾಯದಿಂದ ಸೇರಿಸಿದ್ದೇನೆ: ಅರಿವಳಿಕೆಗೆ ಮೊದಲು ನಿಮ್ಮ ಹೆಸರು, ಶಸ್ತ್ರಚಿಕಿತ್ಸೆಯ ಜಾಗವನ್ನು ನಿಮ್ಮನ್ನೇ ಕೇಳಿದರೇ? ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರತಂದ 19 ಅಂಶಗಳ ಶಸ್ತ್ರಚಿಕಿತ್ಸಾ ಸುರಕ್ಷತಾ ತಾಳೆಪಟ್ಟಿಯ (ಚೆಕ್‌ಲಿಸ್ಟ್) ಪ್ರಕಾರ, ರೋಗಿಯ ಗುರುತು, ಶಸ್ತ್ರಚಿಕಿತ್ಸೆಯ ಜಾಗ, ವಿಧಾನ, ಒಪ್ಪಿಗೆ ಇವುಗಳನ್ನು ಅರಿವಳಿಕೆಗೆ ಮೊದಲು ರೋಗಿಯಿಂದಲೇ ಖಚಿತಪಡಿಸಿಕೊಳ್ಳಬೇಕು. ಹಾಳೆಯಲ್ಲಿ ಗುರುತು ಹಾಕುವವರು ನಾವೇ. ನಿಜವಾಗಿ ಕೇಳಿದೆವೇ ಎಂಬುದಕ್ಕೆ ಹೊರಗಿನ ಸಾಕ್ಷಿಯೆಂದರೆ ರೋಗಿ ಮಾತ್ರ.

ಆದರೂ ಸಿಬ್ಬಂದಿ ಒರಟಾಗಿ ಮಾತನಾಡಿದ್ದನ್ನು ಇನ್ನೊಬ್ಬ ಸಿಬ್ಬಂದಿಗೆ ಫೋನಿನಲ್ಲಿ ಹೇಳಲು ಜನ ಹಿಂಜರಿಯುತ್ತಾರೆ. ಆದುದರಿಂದ ಆ ವಾರ್ಡಿನವರಲ್ಲದವರು, ಸಾಧ್ಯವಾದಷ್ಟು ರೋಗಿಯ ಮನೆಮಾತು ಕೊಡವ ತಕ್ಕ್ ಅಥವಾ ಮಲಯಾಳಂ ಬಲ್ಲವರು ಕರೆ ಮಾಡುವಂತೆ ನೋಡಿಕೊಂಡಿದ್ದೇವೆ, ಹೆಸರಿಲ್ಲದ ನಮೂನೆಯ ಪೆಟ್ಟಿಗೆಯನ್ನೂ ಉಳಿಸಿಕೊಂಡಿದ್ದೇವೆ. ಕರೆಗೆ ಸಿಗದವರನ್ನು ಹೊಲಿಗೆ ಬಿಚ್ಚಿಸಲು ಬಂದ ದಿನ ಅದೇ ಪ್ರಶ್ನೆಗಳೊಂದಿಗೆ ಮಾತನಾಡಿಸುತ್ತೇವೆ. ಹೊಲಿಗೆಯನ್ನು ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಬಿಚ್ಚಿಸಿಕೊಂಡವರ ಮಾತು ನಮ್ಮನ್ನು ತಲುಪಲು ಅಲ್ಲಿನ ಆಶಾ ಕಾರ್ಯಕರ್ತೆಯರ ನೆರವು ಬೇಕಾಗುತ್ತದೆ.