ನಮೂನೆ 22 ಲೈನ್ ಮನೆಗೆ ಹೋದಾಗ: ಕುಟುಂಬದ ಅಗತ್ಯ ಅಳೆಯುವ ಸೇವೆಯ ವಿಮರ್ಶೆ

ಮಗುವನ್ನು ಬಾಲಮಂದಿರಕ್ಕೆ ಸೇರಿಸದೆ ಮನೆಯಲ್ಲೇ ಉಳಿಸಿಕೊಂಡು ನೆರವು ಕೊಡುವ ಸೇವೆ ಕೊಡಗಿಗೆ ಬೇಕೇ ಬೇಕು. ಅದಕ್ಕೆ ಆಧಾರ ಸಾಮಾಜಿಕ ತನಿಖಾ ವರದಿ, ಅಂದರೆ 2016ರ ಬಾಲನ್ಯಾಯ ಮಾದರಿ ನಿಯಮಗಳ ನಮೂನೆ 22. ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದ ಪ್ರಕರಣದಲ್ಲಿ ಇದು 15 ದಿನದೊಳಗೆ ಮುಗಿಯಬೇಕು. ಮನೆಮಂದಿ, ಆದಾಯ, ಶಾಲೆ, ಕಾಯಿಲೆ, ದೌರ್ಜನ್ಯ ಎಲ್ಲಕ್ಕೂ ಜಾಗವಿದೆ. ನಡೆದದ್ದನ್ನು ದಾಖಲಿಸಲು ಒಳ್ಳೆಯ ನಮೂನೆ. ಆದರೆ ಈ ಮನೆಗೆ ಮೊದಲು ಬೇಕಾದದ್ದೇನು ಎಂಬುದನ್ನು ಅದು ತಾನಾಗಿ ಹೇಳುವುದಿಲ್ಲ.

'ಶಾಲೆಗೆ ಗೈರುಹಾಜರಿ' ಎಂದು ಬರೆದು, ಮುಂದೆ 'ಆಪ್ತಸಮಾಲೋಚನೆ' ಎಂದು ತುಂಬಿದರೆ ಫೈಲು ಮುಗಿಯುತ್ತದೆ, ಸಮಸ್ಯೆ ಮುಗಿಯುವುದಿಲ್ಲ. ಜನವರಿಯಲ್ಲಿ ಲೈನ್ ಮನೆಗೆ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗೆ, ಹೋಗಿ ನೋಡಿ. ಕಾಫಿ ಕೊಯ್ಲು. ಅಪ್ಪ ಅಮ್ಮ ಇಬ್ಬರೂ ತೋಟದಲ್ಲಿ, ಹಣ್ಣು ತೂಕ ಹಾಕಿಸಿ ಬರುವಾಗ ಕತ್ತಲು. ಬಾಗಿಲಲ್ಲಿ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತವಳು ಐದನೇ ಕ್ಲಾಸಿನ ಅಕ್ಕ. ಅವಳಿಗೆ ಬುದ್ಧಿಮಾತು ಬೇಡ. ಕೂಸಿಗೆ ಆಸರೆ ಬೇಕು. ಪಂಚಾಯಿತಿಯ ಶಿಶುಪಾಲನಾ ಕೇಂದ್ರವಾದ ಕೂಸಿನ ಮನೆ ಹತ್ತಿರದಲ್ಲಿದೆಯೇ, ಸಂಜೆ ಎಷ್ಟು ಹೊತ್ತಿನವರೆಗೆ ತೆರೆದಿರುತ್ತದೆ ಎಂದು ವಿಚಾರಿಸುವುದೇ ಇಲ್ಲಿ ನಿಜವಾದ ಸೇವೆ.

ಭೇಟಿ ತೋಟದ ಕೆಲಸ ಬಿಟ್ಟ ಮೇಲಿರಲಿ. ತೋಟದ ಲೆಕ್ಕ ಬರೆಯುವ ರೈಟರ್ ಅಥವಾ ಮೇಸ್ತ್ರಿ ಪಕ್ಕದಲ್ಲಿದ್ದರೆ ಮುಂಗಡ ಸಾಲದ ಮಾತು ಹೊರಬರುವುದೇ ಇಲ್ಲ. ಆದಿವಾಸಿಗಳ ಹಾಡಿಯಲ್ಲಿ ಎರವ ಭಾಷೆ ಬಲ್ಲ ದೊಡ್ಡವರು ಜೊತೆಗಿರಬೇಕು. ಮಗುವಿನಿಂದಲೇ ಅನುವಾದ ಮಾಡಿಸಿದರೆ ಮನೆಯೊಳಗಿನ ಹೊಡೆತ, ಕುಡಿತ ಮುಚ್ಚಿಹೋಗುತ್ತದೆ. ಮಗುವನ್ನು ಬೇರೆಯಾಗಿ ಮಾತಾಡಿಸಿ. ಮಕ್ಕಳು ಮಲಗುವುದೆಲ್ಲಿ, ಬಾಗಿಲಿಗೆ ಚಿಲಕವಿದೆಯೇ, ಅಕ್ಕಿ ಎಷ್ಟಿದೆ ಎಂದು ಕಣ್ಣಾರೆ ನೋಡಿ. ಈಗಲೇ ಅಪಾಯವಿದ್ದರೆ ಅಗತ್ಯಗಳ ಪಟ್ಟಿ ಆಮೇಲೆ, ಮೊದಲು ಮಕ್ಕಳ ಸಹಾಯವಾಣಿ 1098.

ಆದಾಯದ ಕಾಲಂ ಅತ್ಯಂತ ದುರ್ಬಲ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಸಿಗುತ್ತದೆ. ಹಳ್ಳಿಯಲ್ಲಿ ಕುಟುಂಬದ ವಾರ್ಷಿಕ ಆದಾಯದ ಮಿತಿ 72,000, ಉಳಿದೆಡೆ 96,000. ಕೊಯ್ಲಿನ ತಿಂಗಳ ಕೂಲಿಯನ್ನು ಹನ್ನೆರಡರಿಂದ ಗುಣಿಸಿದರೆ ಬಡ ಕುಟುಂಬವೂ ಮಿತಿ ದಾಟುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಿಂದ ಕೆಲಸ ತಪ್ಪಿದ ವಾರಗಳನ್ನು ಕಳೆದೇ ಲೆಕ್ಕ ಹಾಕಬೇಕು. ಜನನ ಪ್ರಮಾಣಪತ್ರವಿಲ್ಲದಿರುವುದು, ಆಧಾರ್‌ನಲ್ಲಿ ಹೆಸರು ಬೇರೆ ಇರುವುದು ಹಣ ತಡವಾಗಲು ಸಾಮಾನ್ಯ ಕಾರಣಗಳು. ಮೊದಲ ಭೇಟಿಯಲ್ಲೇ ಕಾಗದ ನೋಡಿಬಿಡಿ.

ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಪದ್ಧತಿ ಕುಟುಂಬದ ಬಲವನ್ನೂ ಕೊರತೆಯನ್ನೂ ತೂಗಿ, ಮುಖ್ಯವಾದ ಮೂರು ಅಗತ್ಯಗಳನ್ನಷ್ಟೇ ಯೋಜನೆಗೆ ಎತ್ತಿಕೊಳ್ಳುತ್ತದೆ. ಅದೇ ಮಾದರಿ ನಿಯಮಗಳ ನಮೂನೆ 7ರ ವೈಯಕ್ತಿಕ ಆರೈಕೆ ಯೋಜನೆಗೂ ಇದು ಹೊಂದುತ್ತದೆ. ಹತ್ತು ಅಗತ್ಯ ಬರೆದರೆ ಒಂದಕ್ಕೂ ಯಾರೂ ಹೊಣೆಯಾಗುವುದಿಲ್ಲ. ಪ್ರತಿಯೊಂದರ ಎದುರು ಯಾರು, ಯಾವ ದಿನಾಂಕದೊಳಗೆ ಎಂದಿರಲಿ. ಕೊಯ್ಲಿನಲ್ಲಿ ತುಂಬಿದ ಹಾಳೆಯನ್ನು ಮಳೆಗಾಲದಲ್ಲಿ ಅದೇ ಮನೆಗೆ ಹೋಗಿ ಮತ್ತೆ ತುಂಬಬೇಕು. ಆಗ ಸೌದೆ ಒದ್ದೆ, ಕೂಲಿ ಇಲ್ಲ, ಅಗತ್ಯಗಳ ಸಾಲೇ ಬದಲಾಗಿರುತ್ತದೆ.