ಮಳೆಗಾಲಕ್ಕೆ ಯಾವ ಕ್ರಿಕೆಟ್ ಕಾಮೆಂಟರಿ: ರೇಡಿಯೋನಾ, ಟಿವಿನಾ?

ಮಡಿಕೇರಿ ಕಡೆ ಜುಲೈ ಮಳೆ ಹಿಡಿದರೆ ಕರೆಂಟು ಇರುವುದಿಲ್ಲ, ಡಿಶ್ಶೂ ಕೈಕೊಡುತ್ತದೆ. ಮೊದಲೇ ಫೋನಿಗೆ ಇಳಿಸಿಕೊಂಡ ಹಳೆ ರೇಡಿಯೋ ತುಣುಕುಗಳೇ ಗತಿ. ಅದಕ್ಕೇ ನನ್ನ ಓಟು ಬಿಬಿಸಿಯ ಟೆಸ್ಟ್ ಮ್ಯಾಚ್ ಸ್ಪೆಷಲ್‌ಗೆ. 1957ರಿಂದ ನಡೆಯುತ್ತಿರುವ ರೇಡಿಯೋ ಕ್ರಿಕೆಟ್ ಕಾಮೆಂಟರಿ ಕಾರ್ಯಕ್ರಮ. ಕೇಕು, ಪಾರಿವಾಳ, ಆಚೆ ರಸ್ತೆಯಲ್ಲಿ ಹೋಗುವ ಬಸ್ಸು, ಇವುಗಳ ನಡುವೆ ಕ್ರಿಕೆಟ್ಟೂ ಇರುತ್ತದೆ. ಅದರ ಕಾಮೆಂಟೇಟರ್ ಹೆನ್ರಿ ಬ್ಲೋಫೆಲ್ಡ್ ಅಂತೂ 2017ರಲ್ಲಿ ನಿವೃತ್ತರಾಗುವ ತನಕ ಪಾರಿವಾಳಗಳ ಮಾತು ಬಿಡಲಿಲ್ಲ.

1991ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ನಡೆದ ಟೆಸ್ಟಿನ ತುಣುಕು ಹುಡುಕಿ ಕೇಳಿ. ಇಂಗ್ಲೆಂಡಿನ ಇಯಾನ್ ಬೋಥಂ ಆಯ ತಪ್ಪಿ, ಸ್ಟಂಪ್ ದಾಟಲು ಕಾಲೆತ್ತಿ, ಬೇಲ್ ಬೀಳಿಸಿ ಔಟಾಗಿದ್ದರು. ಅದನ್ನು ಹೇಳುತ್ತಾ ಕಾಮೆಂಟೇಟರ್ ಜೊನಾಥನ್ ಆಗ್ನ್ಯೂ ಸ್ವಲ್ಪ ಪೋಲಿ ಅರ್ಥ ಬರುವ ಮಾತೊಂದನ್ನು ತೇಲಿಬಿಟ್ಟರು. ಪಕ್ಕದಲ್ಲಿದ್ದ ಇನ್ನೊಬ್ಬ ಕಾಮೆಂಟೇಟರ್ ಬ್ರಯಾನ್ ಜಾನ್‌ಸ್ಟನ್ ಸ್ಕೋರ್ ಓದಲು ಹೋಗಿ, ನಗು ತಡೆಯಲಾಗದೆ, ದನಿ ಕೀರಲಾಗಿ, ಕೊನೆಗೆ ಬರೀ ಉಸಿರು. ಕಾಫಿ ಲೋಟ ಕೆಳಗಿಟ್ಟೇ ಕೇಳಿ.

ಕನ್ನಡ ಟಿವಿ ಕಾಮೆಂಟರಿಯದ್ದು ಬೇರೆ ರುಚಿ. ವಿಜಯ್ ಭಾರದ್ವಾಜ್ ಅವರಂಥ ಆಡಿ ಬಂದವರು ಕೂತು, ಅರಳಿಕಟ್ಟೆ ಹರಟೆಯ ಹಾಗೆ ಮಾತಾಡುತ್ತಾರೆ. ಐಪಿಎಲ್ ಸಮಯಕ್ಕೆ ಮನೆ ತುಂಬ ನೆಂಟರಿದ್ದರೆ ಇದೇ ಸರಿ, ಅಜ್ಜಿಗೂ ಅರ್ಥವಾಗುತ್ತೆ ಅಲ್ವಾ. ಆದರೆ ಸುಮ್ನಿರಬೇಕಾದ ಕಡೆಯೂ ಕೂಗು ಜಾಸ್ತಿ, ಜೋಕು ಅರ್ಧಕ್ಕೆ ಬಂದಾಗ ಜಾಹೀರಾತು ಬೇರೆ.

ನಿಜ ಹೇಳಲಾ, ಎರಡಕ್ಕಿಂತಲೂ ನನಗಿಷ್ಟ ನಮ್ಮೂರ ಮೈದಾನದ ಮೈಕು. ಬೇಸಿಗೆಯಲ್ಲಿ ಕೊಡವ ಕುಟುಂಬಗಳ ಪಂದ್ಯಕ್ಕೆ ಹೋಗಿ ಕೂತು ನೋಡಿ: ಸಿಕ್ಸರ್ ತೋಟಕ್ಕೆ ಬಿತ್ತು ಅಂತ ಕೂಗಿದ ಉಸಿರಿನಲ್ಲೇ, ಗೇಟಿಗೆ ಅಡ್ಡ ನಿಲ್ಲಿಸಿದ ಜೀಪು ತೆಗೀರಿ ಅನ್ನುತ್ತಾರೆ.